ಸ್ವಂತ ಉಸಿರಿಗೆ ದಿನಕ್ಕೊಂದು ಪರೀಕ್ಷೆ

ಮಾತಾಡುತ್ತಿರುವವರು ಇಬ್ಬರು. ಒಬ್ಬಳು ಬೆಂಗಳೂರಿನ ಐಸಿಯುಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಇನ್ನೊಬ್ಬ ಅವಳ ಚಿಕ್ಕಪ್ಪನ ಮಗ. ಅವನ ಮಾವನವರು ಗಿಲಾನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಬಂದು ವೆಂಟಿಲೇಟರ್ ಮೇಲಿದ್ದಾರೆ.

ತಮ್ಮ: ಅಕ್ಕ, ಗಂಟಲಿಗೆ ತೂತು ಮಾಡಬೇಕಂತೆ. ಸೈನ್ ಹಾಕಿ ಅಂತ ಫಾರಂ ಕೊಟ್ಟಿದ್ದಾರೆ. ಅತ್ತೆ ಅಂತೂ ‘ಅದೊಂದು ಮಾತ್ರ ಬೇಡ, ಅದು ಆದವರು ಎದ್ದು ಬಂದಿದ್ದನ್ನ ನಾನು ನೋಡಿಲ್ಲ’ ಅಂತ ಹಟ ಹಿಡಿದು ಕೂತಿದ್ದಾರೆ.

ಅಕ್ಕ: ಎದ್ದು ಬಂದವರು ಕತ್ತಿನ ಗಾಯ ಕಾಲರ್ ಒಳಗೆ ಮುಚ್ಚಿಕೊಂಡು ಓಡಾಡ್ತಾರೆ, ಅದಕ್ಕೇ ಅತ್ತೆಗೆ ಕಂಡಿಲ್ಲ. ಈ ತೂತು, ಅಂದರೆ ಟ್ರೇಕಿಯಾಸ್ಟಮಿ ಆಗಿ ತೀರಿಕೊಂಡವರಲ್ಲಿ ಹೆಚ್ಚಿನವರು ತೀರಿಕೊಂಡಿದ್ದು ಮೂಲ ಕಾಯಿಲೆಯಿಂದ. ಹಾಗಂತ ಏನೂ ಅಪಾಯ ಇಲ್ಲ ಅಂತಲೂ ನಾನು ಹೇಳಲ್ಲ. ರಕ್ತ ಸೋರಬಹುದು, ಸೋಂಕು ಆಗಬಹುದು, ಮುಂದೆ ಶ್ವಾಸನಾಳ ಕಿರಿದಾಗಬಹುದು. ಆದರೆ ಬಾಯಿಂದ ಇಳಿಸಿದ ಟ್ಯೂಬ್ ವಾರಗಟ್ಟಲೆ ಇದ್ರೆ ಅದರ ತೊಂದರೆಗಳೂ ಕಮ್ಮಿ ಏನಲ್ಲ.

ತಮ್ಮ: ಈಗಿರೋ ಟ್ಯೂಬಿಗೂ ಅದಕ್ಕೂ ಅಂಥ ವ್ಯತ್ಯಾಸ ಏನು?

ಅಕ್ಕ: ಬಾಯಿಂದ ಹೋಗಿರೋ ಟ್ಯೂಬ್ ಧ್ವನಿತಂತುಗಳ ನಡುವೆ ತೂರಿಕೊಂಡು ಇಳಿದಿರುತ್ತೆ. ಎಚ್ಚರ ಇರೋ ಮನುಷ್ಯನಿಗೆ ಅದನ್ನ ಸಹಿಸೋದು ಕಷ್ಟ, ಅದಕ್ಕೇ ನಿದ್ದೆಯ ಔಷಧ ಕೊಡ್ತಾನೇ ಇರಬೇಕು. ಟ್ರೇಕಿಯಾಸ್ಟಮಿ ಧ್ವನಿಪೆಟ್ಟಿಗೆಯ ಕೆಳಗೆ, ಕತ್ತಿನ ಮುಂಭಾಗದಿಂದ ನೇರವಾಗಿ ಶ್ವಾಸನಾಳಕ್ಕೆ. ಈಗ ಎಷ್ಟೋ ಕಡೆ ಆಪರೇಷನ್ ಥಿಯೇಟರ್‌ಗೂ ಕರೆದೊಯ್ಯಲ್ಲ, ಹಾಸಿಗೆ ಪಕ್ಕದಲ್ಲೇ ಮಾಡ್ತಾರೆ. ಆಮೇಲೆ ನಿದ್ದೆಯ ಔಷಧ ಇಳಿಸಬಹುದು, ಬಾಯಿ ತೊಳೆದು ಶುಚಿ ಮಾಡಬಹುದು, ಕಫ ತೆಗೆಯೋದು ಸುಲಭ, ಕುರ್ಚಿಯಲ್ಲಿ ಕೂರಿಸಬಹುದು. ವೆಂಟಿಲೇಟರ್ ಅನ್ನ ಒಂದು ಗಂಟೆ ಕಳಚಿ ಮತ್ತೆ ಜೋಡಿಸೋದು ನರ್ಸಿನ ಎರಡು ಬೆರಳಿನ ಕೆಲಸ. ಮುಂದಿನ ಅಭ್ಯಾಸಕ್ಕೆ ಬೇಕಾಗೋದು ಅದೇ.

ತಮ್ಮ: ಹಾಗಾದ್ರೆ ಇವತ್ತು ರಾತ್ರಿನೇ ಸೈನ್ ಹಾಕಿಬಿಡಲಾ?

ಅಕ್ಕ: ರಾತ್ರೋರಾತ್ರಿ ಮಾಡುವ ಅವಸರ ಇದರಲ್ಲಿ ಸಾಮಾನ್ಯವಾಗಿ ಇರಲ್ಲ. ಬ್ರಿಟನ್ನಿನಲ್ಲಿ ಟ್ರ್ಯಾಕ್‌ಮ್ಯಾನ್ ಅಂತ ದೊಡ್ಡ ಅಧ್ಯಯನ ಮಾಡಿದ್ರು, 2013ರಲ್ಲಿ ಪ್ರಕಟ ಆಯ್ತು. ಒಂದು ಗುಂಪಿಗೆ ನಾಲ್ಕು ದಿನದೊಳಗೆ ಟ್ರೇಕಿಯಾಸ್ಟಮಿ, ಇನ್ನೊಂದು ಗುಂಪಿಗೆ ಹತ್ತು ದಿನ ಕಾದು, ಆಗಲೂ ಬೇಕಿದ್ರೆ ಮಾತ್ರ. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾದ ಗುಂಪಿನಲ್ಲಿ ಅರ್ಧಕ್ಕಿಂತ ಕಡಿಮೆ ಜನಕ್ಕೇ ಕೊನೆಗೆ ಅದನ್ನ ಮಾಡಿದ್ದು. ಹಾಗಾಗಿ ‘ಯಾಕೆ ಈಗಲೇ ಬೇಕು, ಎಷ್ಟು ದಿನ ವೆಂಟಿಲೇಟರ್ ಬೇಕಾಗಬಹುದು’ ಅಂತ ಕೇಳು. ಜಿಬಿಎಸ್‌ನಲ್ಲಿ ನರ ಚೇತರಿಸೋಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತೆ. ಕೈಕಾಲು ಒಂದಿಷ್ಟೂ ಆಡದೆ ಎರಡನೇ ವಾರ ಮುಗೀತಿದೆ ಅಂದ್ರೆ ಡಾಕ್ಟರ್ ಕೇಳ್ತಿರೋದು ನ್ಯಾಯವಾಗೇ ಇದೆ.

ತಮ್ಮ: ಇಂಜೆಕ್ಷನ್ ಎಲ್ಲ ಮುಗೀತಲ್ಲ ಅಕ್ಕ. ಐದು ದಿನ ಕೊಟ್ಟರು. ಅದಾದ ಮೇಲೂ ಉಸಿರು ಬರ್ತಿಲ್ಲ ಅಂದ್ರೆ?

ಅಕ್ಕ: ಆ ಇಂಜೆಕ್ಷನ್, ಅಂದರೆ ಇಮ್ಯೂನೋಗ್ಲಾಬ್ಯುಲಿನ್ನೇ ಇರಲಿ, ನಿಮ್ಹಾನ್ಸ್‌ನಂಥ ಕಡೆ ಮಾಡುವ ಪ್ಲಾಸ್ಮಾ ಬದಲಾವಣೆಯೇ ಇರಲಿ, ಎರಡೂ ಮಾಡೋದು ನರದ ಮೇಲಿನ ದಾಳಿಯನ್ನ ತಡೆಯೋ ಕೆಲಸ. ಕೆಟ್ಟ ನರವನ್ನ ದೇಹ ತಾನೇ ರಿಪೇರಿ ಮಾಡಿಕೋಬೇಕು. ಜಿಬಿಎಸ್ ಬಂದವರಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತೆ. 2025ರ ಆರಂಭದಲ್ಲಿ ಪುಣೆಯಲ್ಲಿ ಈ ಕಾಯಿಲೆ ಒಮ್ಮೆಲೇ ಹೆಚ್ಚಾದಾಗ ಪೇಪರಿನಲ್ಲಿ ಓದಿರ್ತೀಯ. ಚೇತರಿಕೆ ನಿಧಾನ, ಆದರೆ ಹೆಚ್ಚಿನವರಲ್ಲಿ ಚೇತರಿಕೆ ಇದೆ. ವೆಂಟಿಲೇಟರ್ ತನಕ ಹೋದವರಿಗೆ ಇನ್ನಷ್ಟು ನಿಧಾನ, ಅಷ್ಟೆ.

ತಮ್ಮ: ಮೆಷಿನ್ ಹೇಗೂ ಉಸಿರಾಡಿಸ್ತಾ ಇದೆ. ಪೂರ್ತಿ ಗಟ್ಟಿಯಾಗೋ ತನಕ ಅದರ ಮೇಲೇ ಬಿಟ್ಟು, ಆಮೇಲೆ ಒಂದೇ ಸಲ ತೆಗೆದ್ರೆ ಆಗಲ್ವಾ?

ಅಕ್ಕ: ಮನೆಯವರೆಲ್ಲ ಹಾಗೇ ಅಂದುಕೊಳ್ತಾರೆ. ನೋಡು, ನಾವು ಉಸಿರಾಡುವಾಗ ಎದೆಯ ಕೆಳಗಿನ ವಪೆ ಕೆಳಕ್ಕೆ ಜಗ್ಗಿ ಗಾಳಿಯನ್ನ ಒಳಕ್ಕೆ ಎಳೆಯುತ್ತೆ. ವೆಂಟಿಲೇಟರ್ ಎಳೆಯಲ್ಲ, ಗಾಳಿಯನ್ನ ತಳ್ಳುತ್ತೆ. ಅದು ತಳ್ಳುತ್ತಾ ಇದ್ದಷ್ಟೂ ಹೊತ್ತು ವಪೆಗೆ ಕೆಲಸ ಇಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಕಾಲು ಎಷ್ಟು ಸೊರಗಿರುತ್ತೆ ನೋಡಿದೀಯಲ್ಲ, ಇಲ್ಲೂ ಅದೇ, ಆದರೆ ಇನ್ನೂ ಬೇಗ. ಮಿದುಳು ನಿಷ್ಕ್ರಿಯವಾಗಿ ಪೂರ್ತಿ ವೆಂಟಿಲೇಟರ್ ಮೇಲಿದ್ದ ಅಂಗದಾನಿಗಳ ವಪೆಯನ್ನ ಪರೀಕ್ಷಿಸಿ ಅಮೆರಿಕದವರು 2008ರಲ್ಲಿ ಒಂದು ವರದಿ ಪ್ರಕಟಿಸಿದ್ರು. 18ರಿಂದ 69 ಗಂಟೆಯೊಳಗೇ ಸ್ನಾಯುವಿನ ಎಳೆಗಳು ಗಣನೀಯವಾಗಿ ತೆಳುವಾಗಿದ್ದವು. ಮಾವನವರಿಗೆ ನರ ಬೇರೆ ಸೋತಿದೆ. ಅದು ವಾಪಸ್ ಬರ್ತಿದ್ದ ಹಾಗೇ ವಪೆಗೆ ಸ್ವಲ್ಪಸ್ವಲ್ಪ ಕೆಲಸ ಕೊಡಬೇಕು. ಹೆಚ್ಚು ಕೊಟ್ಟರೆ ಸುಸ್ತಾಗಿ ಕುಸಿಯುತ್ತೆ, ಕೊಡದೇ ಇದ್ರೆ ಇನ್ನೂ ಸೊರಗುತ್ತೆ.

ತಮ್ಮ: ಈ ಲೆಕ್ಕಾಚಾರ ಎಲ್ಲ ಯಾವಾಗಿಂದ ಶುರು ಆಯ್ತು?

ಅಕ್ಕ: ಈಗಿನಂಥ ಮೆಷಿನ್ ಬರೋಕೂ ಮೊದಲು ಕೈಯಿಂದಲೇ ಗಾಳಿ ಒತ್ತುತ್ತಿದ್ದ ಕಾಲ ಇತ್ತು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಇದ್ದಿದ್ದು ದೇಹವನ್ನೇ ಒಳಗೆ ಮಲಗಿಸುವ ಒಂದು ಕಬ್ಬಿಣದ ಟ್ಯಾಂಕು ಮತ್ತು ಎದೆಗೆ ಕಟ್ಟುವ ಆರು ಉಪಕರಣ. ಮೊದಲ ಮೂರು ವಾರದಲ್ಲಿ ಉಸಿರಾಟ ಸೋತ 31 ರೋಗಿಗಳಲ್ಲಿ 27 ಜನ ಹೋಗಿಬಿಟ್ಟರು. ಆಗ ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ತಜ್ಞರು ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಟ್ರೇಕಿಯಾಸ್ಟಮಿ ಮಾಡಿಸಿ, ಆ ಟ್ಯೂಬಿನ ಮೂಲಕ ಕೈಯಿಂದ ಬ್ಯಾಗ್ ಒತ್ತಿ ಗಾಳಿ ಕೊಟ್ಟರು. ಹುಡುಗಿ ಬದುಕಿದಳು. ಆಮೇಲೆ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಬ್ಯಾಗ್ ಒತ್ತಿದ್ರು. ನೂರಕ್ಕೆ ಎಂಬತ್ತರ ಮೇಲಿದ್ದ ಸಾವು ಸುಮಾರು ನಲವತ್ತಕ್ಕೆ ಇಳೀತು. ಇವತ್ತಿನ ಐಸಿಯು ಹುಟ್ಟಿದ್ದೇ ಆ ವಾರ್ಡಿನಲ್ಲಿ. ಅತ್ತೆಗೆ ಈ ಕತೆ ಹೇಳು. ಅವರು ಹೆದರ್ತಿರೋ ತೂತಿನಿಂದಲೇ ಆ ರೋಗಿಗಳು ಉಳಿದಿದ್ದು.

ತಮ್ಮ: ಸರಿ, ಟ್ರೇಕಿಯಾಸ್ಟಮಿ ಆಯ್ತು ಅಂತ ಇಟ್ಕೋ. ಆಮೇಲೆ ಏನು ಮಾಡ್ತಾರೆ?

ಅಕ್ಕ: ದಿನಾ ಬೆಳಿಗ್ಗೆ ಮೊದಲು ನೋಡೋದು, ಇವರು ಪರೀಕ್ಷೆಗೆ ತಯಾರಿದ್ದಾರಾ ಅಂತ. ಎಚ್ಚರ ಇದ್ದಾರಾ, ಬಿಪಿ ಔಷಧದ ಬಲದ ಮೇಲೆ ನಿಂತಿಲ್ಲ ತಾನೇ, ಆಕ್ಸಿಜನ್ 40 ಪರ್ಸೆಂಟಿನ ಆಸುಪಾಸಲ್ಲಿ ಸಾಕಾಗ್ತಿದೆಯಾ, ಕೆಮ್ಮೋಕೆ ಆಗ್ತಿದೆಯಾ. ಜಿಬಿಎಸ್‌ನಲ್ಲಿ ಇನ್ನೂ ಎರಡು ವಿಷಯ ನೋಡ್ತಾರೆ. ದಿಂಬಿನಿಂದ ತಲೆ ಎತ್ತೋಕೆ ಆಗುತ್ತಾ ಅನ್ನೋದು ಒಂದು, ಯಾಕಂದ್ರೆ ಕತ್ತಿನ ಬಲ ಬಂದರೆ ವಪೆಯ ಬಲವೂ ಸಾಮಾನ್ಯವಾಗಿ ಜೊತೇಲೇ ಬರುತ್ತೆ. ಪೂರ್ತಿ ಉಸಿರೆಳೆದು ಬಿಟ್ಟರೆ ಎಷ್ಟು ಗಾಳಿ ಅನ್ನೋದು ಇನ್ನೊಂದು. ಕಿಲೋ ತೂಕಕ್ಕೆ 15ರಿಂದ 20 ಮಿಲಿಲೀಟರ್ ಬಂದರೆ ಭರವಸೆ. ಅರವತ್ತು ಕಿಲೋ ಮನುಷ್ಯನಿಗೆ ಒಂದು ಲೀಟರ್‌ನ ಆಚೀಚೆ.

ತಮ್ಮ: ಆ ಪರೀಕ್ಷೆ ಅಂದ್ರೆ ಮೆಷಿನ್ ಆಫ್ ಮಾಡಿ ನೋಡೋದಾ?

ಅಕ್ಕ: ಆಫ್ ಮಾಡಿ ಕೈಬಿಟ್ಟು ಹೋಗಲ್ಲ, ಹೆದರಬೇಡ. ಮೆಷಿನ್‌ನ ಸಹಾಯವನ್ನ ತೀರಾ ಕಮ್ಮಿ ಮಾಡ್ತಾರೆ, ಇಲ್ಲಾ ಕಳಚಿ ಆಕ್ಸಿಜನ್ ಮಾತ್ರ ಕೊಡ್ತಾರೆ. ಮಾಮೂಲಾಗಿ ಅರ್ಧ ಗಂಟೆಯಿಂದ ಎರಡು ಗಂಟೆ. ನರ್ಸ್ ಪಕ್ಕದಲ್ಲೇ ಇರ್ತಾಳೆ. ಉಸಿರಾಟ ನಿಮಿಷಕ್ಕೆ 35 ದಾಟಿದ್ರೆ, ಆಕ್ಸಿಜನ್ ಮಟ್ಟ 90ರ ಕೆಳಗೆ ಹೋದ್ರೆ, ನಾಡಿ 140ರ ಮೇಲಾದ್ರೆ, ಬೆವರೋಕೆ ಶುರುವಾದ್ರೆ, ಕತ್ತಿನ ಸ್ನಾಯು ಸೆಟೆದು ನಿಂತರೆ ಅಲ್ಲಿಗೇ ನಿಲ್ಲಿಸಿ ಮತ್ತೆ ಮೆಷಿನ್‌ಗೆ ಜೋಡಿಸ್ತಾರೆ. ನಾವು ಒಂದು ಸುಲಭ ಲೆಕ್ಕ ಹಾಕ್ತಿದ್ವಿ, ಯಾಂಗ್ ಮತ್ತು ಟೋಬಿನ್ ಅನ್ನೋರು 1991ರಲ್ಲಿ ಕೊಟ್ಟಿದ್ದು. ನಿಮಿಷದ ಉಸಿರಿನ ಸಂಖ್ಯೆಯನ್ನ, ಒಂದೊಂದು ಉಸಿರಿಗೆ ಎಷ್ಟು ಲೀಟರ್ ಗಾಳಿ ಬರುತ್ತೋ ಅದರಿಂದ ಭಾಗಿಸೋದು. ನಿಮಿಷಕ್ಕೆ 24 ಉಸಿರು, ಒಂದೊಂದೂ 400 ಮಿಲಿಲೀಟರ್ ಅಂದ್ರೆ 60 ಬರುತ್ತೆ, ಚೆನ್ನಾಗಿದೆ. 36 ಉಸಿರು, ಒಂದೊಂದೂ 250 ಮಿಲಿಲೀಟರ್ ಅಂದ್ರೆ 144. ಅವರು ಹಾಕಿದ ಗೆರೆ 105. ಅದು ದಾಟಿದ್ರೆ ಮನುಷ್ಯ ಮೇಲುಸಿರಲ್ಲಿ ಒದ್ದಾಡ್ತಿದ್ದಾನೆ ಅಂತ ಅರ್ಥ. ಈ ಲೆಕ್ಕ ಒಂದು ಸೂಚನೆ ಅಷ್ಟೆ. ನಿರ್ಧಾರ ಮಾಡೋದು ರೋಗಿಯನ್ನ ನೋಡಿ.

ತಮ್ಮ: ನಿನ್ನೆ ಒಂದು ಸಲ ಏನೋ ಪ್ರಯತ್ನ ಮಾಡಿ ‘ಫೇಲ್ ಆಯ್ತು’ ಅಂದ್ರು. ಅದನ್ನ ಕೇಳಿ ನನ್ನ ಹೆಂಡತಿ ಕಾರಿಡಾರ್‌ನಲ್ಲೇ ಕುಸಿದು ಕೂತಳು.

ಅಕ್ಕ: ಆ ಪದವನ್ನ ಮನೆಯವರ ಮುಂದೆ ಅಷ್ಟು ಸಲೀಸಾಗಿ ಆಡಬಾರದು. ಫೇಲ್ ಆಗಿದ್ದು ಆ ದಿನದ ಪರೀಕ್ಷೆ. ಒಳ್ಳೆ ಐಸಿಯುನಲ್ಲಿ ಅದಾದ ತಕ್ಷಣ ಕಾರಣ ಹುಡುಕ್ತಾರೆ. ಶ್ವಾಸಕೋಶದಲ್ಲಿ ನೀರು ತುಂಬಿದೆಯಾ, ಕಫ ಗಟ್ಟಿಯಾಗಿದೆಯಾ, ಹೊಸ ಸೋಂಕಾ, ಹೃದಯ ತಡೆದುಕೊಳ್ತಿಲ್ಲವಾ, ಪೊಟ್ಯಾಶಿಯಮ್, ಫಾಸ್ಫೇಟ್ ಇಳಿದಿದೆಯಾ, ಹೊಟ್ಟೆ ಉಬ್ಬರಿಸಿ ವಪೆಯನ್ನ ಮೇಲಕ್ಕೆ ಒತ್ತುತ್ತಿದೆಯಾ, ರಾತ್ರಿ ನಿದ್ದೆ ಇಲ್ಲವಾ, ಬರೀ ಗಾಬರಿಯಾ. ಇವುಗಳಲ್ಲಿ ಎಷ್ಟೋ ಸರಿಪಡಿಸೋಕೆ ಆಗುವಂಥದ್ದು. ಸರಿಪಡಿಸಿ, ಮೆಷಿನ್‌ನ ಸಹಾಯ ಜಾಸ್ತಿ ಮಾಡಿ, ಮರುದಿನದ ತನಕ ವಿಶ್ರಾಂತಿ ಕೊಡ್ತಾರೆ.

ತಮ್ಮ: ಸಂಜೆಗೆ ಇನ್ನೊಂದು ಸಲ ನೋಡಿ ಅಂತ ಕೇಳೋಣ ಅಂತಿದ್ದೆ.

ಅಕ್ಕ: ಬೇಡ. 1995ರಲ್ಲಿ ಎಸ್ಟೆಬಾನ್ ಅನ್ನೋರ ಸ್ಪೇನ್ ತಂಡ ಇದನ್ನೇ ಹೋಲಿಸಿ ನೋಡಿತ್ತು. ದಿನಕ್ಕೊಂದು ಸಲ ಪರೀಕ್ಷೆ ಮಾಡಿದ್ರೂ ಹಲವು ಸಲ ಮಾಡಿದ್ರೂ ಫಲಿತಾಂಶ ಒಂದೇ. ಮೆಷಿನ್‌ನ ಸಹಾಯವನ್ನ ಇಂಚಿಂಚಾಗಿ ಇಳಿಸುವ ಹಳೇ ಪದ್ಧತಿಗಿಂತ ದಿನಕ್ಕೊಂದು ಪರೀಕ್ಷೆಯೇ ಬೇಗ ಬಿಡಿಸಿತು. ಟ್ರೇಕಿಯಾಸ್ಟಮಿ ಆಗಿ ಬಹಳ ದಿನದಿಂದ ಮೆಷಿನ್ ಮೇಲಿದ್ದವರ ಬಗ್ಗೆ 2013ರಲ್ಲಿ ಅಮೆರಿಕದಲ್ಲಿ ಇನ್ನೊಂದು ಅಧ್ಯಯನ ಬಂತು. ಮೆಷಿನ್ ಪೂರ್ತಿ ಕಳಚಿ, ಕತ್ತಿನ ಮುಂದೆ ತೇವದ ಆಕ್ಸಿಜನ್ ಮಾಸ್ಕ್ ಕಟ್ಟಿ ತಾವಾಗೇ ಉಸಿರಾಡೋಕೆ ಬಿಟ್ಟ ಗುಂಪಿಗೆ ಮಧ್ಯಮ ಲೆಕ್ಕದಲ್ಲಿ 15 ದಿನ, ಸಹಾಯವನ್ನ ಇಳಿಸುತ್ತಾ ಹೋದ ಗುಂಪಿಗೆ 19 ದಿನ. ಮಾವನವರಿಗೂ ಬಹುಶಃ ಹಾಗೇ ಮಾಡ್ತಾರೆ. ಮೊದಲು ಅರ್ಧ ಗಂಟೆ, ಆಮೇಲೆ ಎರಡು ಗಂಟೆ, ನಾಲ್ಕು ಗಂಟೆ, ಹಗಲು ಪೂರ್ತಿ. ರಾತ್ರಿ ಮೆಷಿನ್ ಮೇಲೆ ವಿಶ್ರಾಂತಿ. ರಾತ್ರಿಯೂ ಮೆಷಿನ್ ಬೇಡ ಅಂತಾದ ಮೇಲೆ ಅದು ಹಾಸಿಗೆ ಪಕ್ಕದಿಂದ ಹೋಗುತ್ತೆ. ನಡುವೆ ಒಂದೆರಡು ದಿನ ಹಿಂದಕ್ಕೆ ಹೋಗೋದು ಇದ್ದಿದ್ದೇ.

ತಮ್ಮ: ನಾವು ಮನೆಯವರು ಏನು ಮಾಡೋಕಾಗುತ್ತೆ? ದಿನಕ್ಕೆ ಒಂದಿಷ್ಟು ಹೊತ್ತು ಒಬ್ಬರನ್ನ ಒಳಗೆ ಬಿಡ್ತಾರೆ, ಕೈ ಹಿಡಿದು ನಿಂತು ಬರ್ತೀವಿ. ಅವರು ಅಲುಗಾಡಲ್ಲ.

ಅಕ್ಕ: ಅಲುಗಾಡಲ್ಲ, ಆದರೆ ಎಲ್ಲಾ ಕೇಳಿಸಿಕೊಳ್ತಾರೆ. ಜಿಬಿಎಸ್ ಮಿದುಳನ್ನ ಮುಟ್ಟಲ್ಲ. ದೇಹ ಕಲ್ಲಾಗಿರುತ್ತೆ, ತಲೆ ಸ್ವಚ್ಛವಾಗಿರುತ್ತೆ. ಅವರ ಹಾಸಿಗೆ ಪಕ್ಕ ನಿಂತು ಬಿಲ್ ವಿಷಯ, ‘ಉಳೀತಾರೋ ಇಲ್ವೋ’ ಅನ್ನೋ ಮಾತು ಆಡಲೇಬೇಡಿ. ಇವತ್ತು ಯಾವ ವಾರ, ಎಷ್ಟು ಗಂಟೆ, ಮೊಮ್ಮಗಳು ಸ್ಕೂಲಿಗೆ ಹೋದಳು, ಇವತ್ತು ಅರ್ಧ ಗಂಟೆ ಮೆಷಿನ್ ಕಳಚ್ತಾರೆ, ಪಕ್ಕದಲ್ಲಿ ಸಿಸ್ಟರ್ ಇರ್ತಾರೆ, ಹೀಗೆ ಹೇಳಿ. ಕನ್ನಡಕ ಹಾಕಿ. ಕಿವಿಗೆ ಮೆಷಿನ್ ಇದ್ರೆ ಅದನ್ನೂ ಹಾಕಿ.

ತಮ್ಮ: ಅವರಿಗೆ ಏನು ಬೇಕು ಅಂತ ತಿಳಿಯೋದು ಹೇಗೆ? ಏನೋ ಹೇಳೋಕೆ ನೋಡ್ತಾರೆ, ಕಣ್ಣಲ್ಲಿ ನೀರು ಬರುತ್ತೆ, ನಮಗೆ ಗೊತ್ತಾಗಲ್ಲ.

ಅಕ್ಕ: ಮೊದಲು ಅವರ ಹಿಡಿತದಲ್ಲಿರೋ ಒಂದು ಚಲನೆ ಹುಡುಕು. ರೆಪ್ಪೆ, ಹುಬ್ಬು, ನಾಲಗೆ ತುದಿ, ಒಂದು ಬೆರಳು, ಯಾವುದಾದ್ರೂ ಸರಿ. ಒಂದು ಸಲ ಆಡಿಸಿದ್ರೆ ಹೌದು, ಎರಡು ಸಲ ಅಂದ್ರೆ ಇಲ್ಲ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರಿ: ನೋವು, ಕಫ, ಸೆಖೆ, ಚಳಿ, ಮಗ್ಗುಲು, ಕೆರೆತ, ಸೊಳ್ಳೆ, ಭಯ. ಒಂದೊಂದಾಗಿ ತೋರಿಸ್ತಾ ಹೋಗು. ರಟ್ಟಿನ ಹಿಂದೆ ಅಕ್ಷರಮಾಲೆ. ಸ್ವರದ ಸಾಲಾ, ಕ ಸಾಲಾ, ಚ ಸಾಲಾ, ಟ, ತ, ಪ, ಕೊನೆಗೆ ಯ ಸಾಲಾ ಅಂತ ಸಾಲು ಮೊದಲು ಕೇಳು, ಆಮೇಲೆ ಆ ಸಾಲಿನ ಅಕ್ಷರ. ಕಾಗುಣಿತಕ್ಕೆ ಹೋಗಲೇಬೇಡ. ‘ಬ, ನ’ ಅಂದ್ರೆ ಬೆನ್ನು ಅಂತ ಮನೆಯವರಿಗೆ ಗೊತ್ತಾಗೇ ಆಗುತ್ತೆ. ನನ್ನ ವಾರ್ಡಿನಲ್ಲಿ ಒಬ್ಬರು ಹೀಗೇ ‘ಫ, ನ’ ತೋರಿಸಿದ್ರು. ನಾವೆಲ್ಲ ಮಗನಿಗೆ ಫೋನ್ ಮಾಡಬೇಕೇನೋ ಅಂತ ಓಡಿದ್ವಿ. ಅವರಿಗೆ ಬೇಕಾಗಿದ್ದು ಫ್ಯಾನ್.

ತಮ್ಮ: ಮಾತು ಮತ್ತೆ ಬರುತ್ತಾ? ಅತ್ತೆ ಕೇಳೋದು ಅದನ್ನೇ.

ಅಕ್ಕ: ಬರುತ್ತೆ. ಟ್ಯೂಬಿನ ಒಳತುದಿಯಲ್ಲಿ ಒಂದು ಚಿಕ್ಕ ಬಲೂನ್ ಇದೆ, ಕಫ್ ಅಂತಾರೆ. ಅದು ಊದಿಕೊಂಡಿರೋ ತನಕ ಗಾಳಿ ಟ್ಯೂಬಿನಿಂದಲೇ ಬಂದು ಟ್ಯೂಬಿನಿಂದಲೇ ಹೋಗುತ್ತೆ, ಧ್ವನಿತಂತುಗಳ ಕಡೆಗೆ ಸುಳಿಯಲ್ಲ. ಅದಕ್ಕೇ ಶಬ್ದ ಇಲ್ಲ. ರೋಗಿ ಗಟ್ಟಿಯಾದ ಮೇಲೆ ಕಫ್‌ನ ಗಾಳಿ ಇಳಿಸಿ, ಟ್ಯೂಬಿನ ಬಾಯಿಗೆ ಸ್ಪೀಕಿಂಗ್ ವಾಲ್ವ್ ಹಾಕ್ತಾರೆ. ಅದರಲ್ಲಿ ಗಾಳಿ ಒಳಗೆ ಬರುತ್ತೆ, ಹೊರಗೆ ಹೋಗಲ್ಲ. ಹೊರಗೆ ಹೋಗೋ ಗಾಳಿ ಗಂಟಲಿನಿಂದಲೇ ಹೋಗಬೇಕು, ಆಗ ಮಾತು ಹೊರಡುತ್ತೆ. ಈ ವಾಲ್ವ್ ಕಂಡುಹಿಡಿದವರಲ್ಲಿ ಒಬ್ಬರು ಡೇವಿಡ್ ಮ್ಯೂರ್, ಸ್ನಾಯು ಕ್ಷಯದಿಂದ ಸ್ವತಃ ವೆಂಟಿಲೇಟರ್ ಮೇಲಿದ್ದ ಅಮೆರಿಕದ ಯುವಕ. ಒಂದು ಎಚ್ಚರಿಕೆ ಮನಸ್ಸಿನಲ್ಲಿಟ್ಕೋ. ಕಫ್ ಊದಿರುವಾಗ ಆ ವಾಲ್ವ್ ಹಾಕಲೇಬಾರದು. ಗಾಳಿಗೆ ಹೊರಗೆ ಹೋಗೋ ದಾರಿಯೇ ಇರಲ್ಲ, ಪ್ರಾಣಕ್ಕೇ ಬರುತ್ತೆ. ಆಸೆಗೆ ಬಿದ್ದು ಮನೆಯವರು ಯಾರೂ ಕೈ ಹಾಕಬೇಡಿ. ನೀರು ಕುಡಿಸೋದೂ ಅಷ್ಟೆ. ನುಂಗುವ ಪರೀಕ್ಷೆ ಮಾಡೋ ತನಕ ಒಂದು ಚಮಚ ತೀರ್ಥವೂ ಬೇಡ. ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು.

ತಮ್ಮ: ವೆಂಟಿಲೇಟರ್ ಹೋದ ದಿನವೇ ಈ ಟ್ಯೂಬೂ ತೆಗೀತಾರಾ?

ಅಕ್ಕ: ಇಲ್ಲ, ಅವು ಎರಡು ಬೇರೆಬೇರೆ ನಿರ್ಧಾರ. ಮೆಷಿನ್ ಬೇಡ ಅನ್ನೋದಕ್ಕೆ ವಪೆಗೆ ಬಲ ಬಂದಿರಬೇಕು. ಟ್ಯೂಬ್ ಬೇಡ ಅನ್ನೋದಕ್ಕೆ ಕೆಮ್ಮಿ ಕಫ ತಾವೇ ಹೊರಹಾಕಬೇಕು, ಜೊಲ್ಲು ನುಂಗಬೇಕು, ಮೇಲಿನ ದಾರಿ ತೆರೆದಿರಬೇಕು. ಹಳೇ ಪದ್ಧತಿಯಲ್ಲಿ ಟ್ಯೂಬಿನ ಬಾಯಿಯನ್ನ ಮುಚ್ಚಳದಿಂದ 24 ಗಂಟೆ ಮುಚ್ಚಿ, ತಡೆದುಕೊಂಡ್ರೆ ತೆಗೆಯೋದು. 2020ರಲ್ಲಿ ಸ್ಪೇನ್‌ನ ಅಧ್ಯಯನವೊಂದು ಇನ್ನೊಂದು ದಾರಿ ತೋರಿಸಿತು. ಜೋರು ಹರಿವಿನ ಆಕ್ಸಿಜನ್ ಕೊಡ್ತಾ, ಕಫ ಎಳೆದು ತೆಗೆಯೋ ಸಕ್ಷನ್ ಎಷ್ಟು ಸಲ ಬೇಕಾಗ್ತಿದೆ ಅನ್ನೋದನ್ನ ಲೆಕ್ಕ ಇಟ್ಟು ನಿರ್ಧಾರ ಮಾಡಿದ್ರು. ಆ ಗುಂಪಿನಲ್ಲಿ ಟ್ಯೂಬ್ ತೆಗೆಯೋಕೆ ಮಧ್ಯಮ ಲೆಕ್ಕದಲ್ಲಿ 6 ದಿನ, ಮುಚ್ಚಳದ ಗುಂಪಿನಲ್ಲಿ 13 ದಿನ. ಟ್ಯೂಬ್ ತೆಗೆದ ಮೇಲೆ ಅಲ್ಲಿಗೆ ಬ್ಯಾಂಡೇಜ್ ಹಾಕ್ತಾರೆ. ಹೆಚ್ಚಿನವರಿಗೆ ಹೊಲಿಗೆಯೂ ಬೇಕಿಲ್ಲ, ಕೆಲವೇ ದಿನದಲ್ಲಿ ತಾನಾಗೇ ಮುಚ್ಚಿಕೊಳ್ಳುತ್ತೆ. ಕೆಮ್ಮುವಾಗ, ಮಾತಾಡುವಾಗ ಆ ಬ್ಯಾಂಡೇಜ್ ಮೇಲೆ ಬೆರಳಿಟ್ಟು ಒತ್ತಿಕೋಬೇಕು.

ತಮ್ಮ: ಅಷ್ಟು ದಿನ ಐಸಿಯು ಅಂದ್ರೆ ದುಡ್ಡು ಎಲ್ಲಿಂದ ತರೋದಕ್ಕ? ಮೊನ್ನೆ ಬಿಲ್ಲಿಂಗ್‌ನವರು ‘ಟ್ಯೂಬ್ ಹಾಕಿದ ಮೇಲೆ ಮನೆಗೇ ಕರ್ಕೊಂಡು ಹೋಗಬಹುದು’ ಅಂತಲೂ ಅಂದ್ರು.

ಅಕ್ಕ: ಅದನ್ನ ಹೇಳಬೇಕಾದವರು ಬಿಲ್ಲಿಂಗ್‌ನವರಲ್ಲ. ಮೊದಲು ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ ವಿಚಾರಿಸು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ 1.5 ಲಕ್ಷದ ಮಿತಿ. ಆ ಆಸ್ಪತ್ರೆ ಯೋಜನೆಯಲ್ಲಿ ಇಲ್ಲದಿದ್ರೆ, ಸರ್ಕಾರಿ ಮೆಡಿಕಲ್ ಕಾಲೇಜಿಗೆ ಬದಲಾಯಿಸೋ ಮಾತನ್ನ ದುಡ್ಡು ಪೂರ್ತಿ ಮುಗಿಯೋಕೂ ಮೊದಲೇ ಎತ್ತು. ಇನ್ನು ಟ್ಯೂಬ್ ಸಮೇತ ಮನೆಗೆ ಕರ್ಕೊಂಡು ಬರೋದು. ಮೆಷಿನ್ ಪೂರ್ತಿ ಬಿಟ್ಟ ಮೇಲೆ ಅದು ಆಗುವ ಮಾತೇ, ಆದರೆ ತಯಾರಿ ಬೇಕು. ಸಕ್ಷನ್ ಮೆಷಿನ್, ಕರೆಂಟ್ ಹೋದ್ರೆ ನಡೆಸೋಕೆ ಯುಪಿಎಸ್, ಕೈಯಿಂದ ಗಾಳಿ ಒತ್ತೋ ಆಂಬು ಬ್ಯಾಗ್, ಬೆರಳಿಗೆ ಹಾಕೋ ಆಕ್ಸಿಮೀಟರ್, ಅದೇ ಅಳತೆಯ ಒಂದು ಬದಲಿ ಟ್ಯೂಬ್, ಅದಕ್ಕಿಂತ ಸಣ್ಣದು ಇನ್ನೊಂದು. ಮೂಗು ಮಾಡೋ ಕೆಲಸವನ್ನ ಮಾಡಿ ಗಾಳಿಗೆ ತೇವ ಕೊಡೋಕೆ ಟ್ಯೂಬಿನ ಬಾಯಿಗೆ ಹಾಕುವ ಫಿಲ್ಟರ್. ಇವೆಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಕನಿಷ್ಠ ಇಬ್ಬರು ಸಕ್ಷನ್ ಮಾಡೋದನ್ನ, ಟ್ಯೂಬಿನ ಒಳಗಿನ ಕೊಳವೆ ತೆಗೆದು ತೊಳೆಯೋದನ್ನ ಆಸ್ಪತ್ರೆಯಲ್ಲೇ ಸಿಸ್ಟರ್ ಎದುರು ಮಾಡಿ ತೋರಿಸಿರಬೇಕು. ಕಫ ಗಟ್ಟಿಯಾಗಿ ಟ್ಯೂಬ್ ಕಟ್ಟಿಕೊಂಡ್ರೆ ಆಂಬುಲೆನ್ಸ್ ಬರೋ ತನಕ ಕಾಯೋಕಾಗಲ್ಲ. ಅದು ಕಲಿಯೋ ತನಕ ‘ಡಿಸ್ಚಾರ್ಜ್ ಬೇಡ’ ಅಂತ ನಿಂತ್ಕೋ.

ತಮ್ಮ: ಒಂದು ಮಾತು ಕೇಳಲಾ? ಎಷ್ಟು ದಿನ ಆದ್ರೂ ಮೆಷಿನ್ ಬಿಡಿಸೋಕೇ ಆಗದೆ ಹೋದ್ರೆ?

ಅಕ್ಕ: ಎಲ್ಲರಿಗೂ ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಶ್ವಾಸಕೋಶವೇ ಪೂರ್ತಿ ಕೆಟ್ಟಿರುವವರು, ಮಿದುಳಿಗೆ ದೊಡ್ಡ ಪೆಟ್ಟಾದವರು, ಅವರ ದಾರಿ ಬೇರೆ. ಅಂಥವರಿಗೆ ಜೀವರಕ್ಷಕ ಚಿಕಿತ್ಸೆಯನ್ನ ಹೇಗೆ, ಯಾರ ಒಪ್ಪಿಗೆಯಿಂದ ನಿಲ್ಲಿಸಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ಆ ಕ್ರಮವನ್ನ ಸರಳ ಮಾಡಿದೆ. ಆದರೆ ಮಾವನವರ ಕಾಯಿಲೆ ಆ ಜಾತಿಯದಲ್ಲ. ಕಾಯುವಷ್ಟು ಕಾರಣ ಇದೆ. ವಯಸ್ಸು, ಬೇರೆ ಕಾಯಿಲೆಗಳು, ನರಕ್ಕೆ ಎಷ್ಟು ಪೆಟ್ಟಾಗಿದೆ, ಇದನ್ನೆಲ್ಲ ಇಟ್ಕೊಂಡು ನ್ಯೂರಾಲಜಿಸ್ಟ್ ಹತ್ತಿರ ಒಮ್ಮೆ ಕೂತು ಮಾತಾಡು.

ತಮ್ಮ: ಹಾಗಾದ್ರೆ ಫಾರಂಗೆ ಸೈನ್?

ಅಕ್ಕ: ಬೆಳಿಗ್ಗೆ ಡಾಕ್ಟರ್ ಹತ್ತಿರ ಕಾರಣ ಕೇಳಿ, ಅತ್ತೆಯನ್ನೂ ಕೂರಿಸಿಕೊಂಡು ಕೇಳಿ, ಆಮೇಲೆ ಹಾಕು. ಅವತ್ತಿನಿಂದ ದಿನಾ ರೌಂಡ್ಸ್ ಹೊತ್ತಿಗೆ ಅಲ್ಲಿರು. ‘ಹೇಗಿದ್ದಾರೆ’ ಅಂತ ಕೇಳಬೇಡ. ಅದಕ್ಕೆ ‘ಹಾಗೇ ಇದ್ದಾರೆ’ ಅನ್ನೋ ಉತ್ತರ ಬಿಟ್ಟು ಬೇರೆ ಬರಲ್ಲ. ಮೂರು ಪ್ರಶ್ನೆ ಕೇಳು. ಇವತ್ತು ಎಷ್ಟು ಹೊತ್ತು ತಾವಾಗೇ ಉಸಿರಾಡಿದ್ರು? ಯಾಕೆ ನಿಲ್ಲಿಸಬೇಕಾಯ್ತು? ನಾಳೆ ಏನು ಬದಲಾಯಿಸ್ತೀರಿ? ಉತ್ತರಗಳನ್ನ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ದಿನದಿನಕ್ಕೆ ನಿಮಿಷಗಳು ಗಂಟೆಗಳಾಗ್ತಿದ್ರೆ ಸರಿಯಾದ ದಾರಿಯಲ್ಲಿದ್ದೀರಿ. ಪರೀಕ್ಷೆಯೂ ಇಲ್ಲ, ಯಾಕಿಲ್ಲ ಅನ್ನೋದಕ್ಕೆ ಉತ್ತರವೂ ಇಲ್ಲ ಅಂದ್ರೆ ಕೇಸ್ ಶೀಟ್‌ನ ಪ್ರತಿ ತಗೊಂಡು ಇನ್ನೊಬ್ಬ ತಜ್ಞರಿಗೆ ತೋರಿಸು. ಅದು ರೋಗಿಯ ಹಕ್ಕು, ಯಾರೂ ಇಲ್ಲ ಅನ್ನೋ ಹಾಗಿಲ್ಲ.